"ನಿಮಗೊಬ್ಬರಿಗೇ ಈ ತೊಂದರೆ"

ಬ್ರಿಟನ್ನಿನ ಒಂದು ಹಳ್ಳಿ. ಅಲ್ಲಿ ಸಣ್ಣ ಅಂಗಡಿ ನಡೆಸುತ್ತಿದ್ದ ಮಹಿಳೆಯೊಬ್ಬರು ಅದರ ಜೊತೆಗೇ ಅಂಚೆ ಕಚೇರಿಯನ್ನೂ ನೋಡಿಕೊಳ್ಳುತ್ತಿದ್ದರು. ಒಂದು ದಿನ ಲೆಕ್ಕ ನೋಡುವಾಗ ಎರಡು ಸಾವಿರ ಪೌಂಡ್ ಕಡಿಮೆ ಇದೆ ಎಂದು ಕಂಪ್ಯೂಟರ್ ತೋರಿಸಿತು. ಸಹಾಯವಾಣಿಗೆ ಫೋನ್ ಮಾಡಿದರು. ಆ ಕಡೆಯವರು ಹೇಳಿದ ಹಾಗೆ ಒಂದೊಂದೇ ಬಟನ್ ಒತ್ತುತ್ತಾ ಹೋದರು. ಕಣ್ಣೆದುರಿಗೇ ಎರಡು ಸಾವಿರ ನಾಲ್ಕು ಸಾವಿರವಾಯಿತು. ದುಡ್ಡು ಕಟ್ಟಬೇಕಾದವರು ನೀವೇ ಎಂಬ ಉತ್ತರ ಬಂತು. ಬೇರೆ ಯಾರಿಗೂ ಹೀಗಾಗಿಲ್ಲ, ಈ ತೊಂದರೆ ನಿಮಗೊಬ್ಬರಿಗೇ ಎಂಬ ಮಾತೂ ಬಂತು.

ಆ ವರ್ಷಗಳಲ್ಲಿ ದೇಶದ ಬೇರೆ ಬೇರೆ ಮೂಲೆಗಳಿಂದ ಫೋನ್ ಮಾಡಿದ ಎಷ್ಟೋ ಜನರಿಗೆ ಸಿಕ್ಕಿದ್ದೂ ಇದೇ ಉತ್ತರ. ಪ್ರತಿಯೊಬ್ಬರೂ "ಒಬ್ಬರೇ" ಆಗಿದ್ದರು. 1999ರಲ್ಲಿ ಅಂಚೆ ಕಚೇರಿಗಳಿಗೆ ಬಂದ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ದೋಷಗಳಿದ್ದವು. ಅದು ಇಲ್ಲದ ಕೊರತೆಯನ್ನು ಹುಟ್ಟಿಸುತ್ತಿತ್ತು. ಕಳ್ಳತನ, ವಂಚನೆ, ಸುಳ್ಳು ಲೆಕ್ಕ ಎಂದು 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು. ಮನೆ ಮಾರಿದವರಿದ್ದಾರೆ. 2025ರ ಜುಲೈನಲ್ಲಿ ಬಂದ ಸಾರ್ವಜನಿಕ ತನಿಖೆಯ ಮೊದಲ ಸಂಪುಟದ ಪ್ರಕಾರ, ಇದರಿಂದಾಗಿ ಕನಿಷ್ಠ 13 ಜನ ಪ್ರಾಣ ಕಳೆದುಕೊಂಡಿರಬಹುದು.

ಇಷ್ಟು ದೊಡ್ಡ ಅನಾಹುತ ಇಷ್ಟು ವರ್ಷ ನಡೆಯಿತು ಅಂದರೆ ಒಳಗಿನವರೆಲ್ಲ ಸೇರಿ ಸಂಚು ಮಾಡಿರಬೇಕು ಎಂದು ಅನ್ನಿಸುವುದು ಸಹಜ. ಸತ್ಯ ಮುಚ್ಚಿಟ್ಟವರು ಇದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಬರೀ ಸಂಚಿನಿಂದ ಇಷ್ಟು ದೂರ ಬರೋಕಾಗಲ್ಲ. ಸಂಚು ಮಾಡದ, ಸುಮ್ನೆ ನಂಬಿಕೊಂಡು ಕೆಲಸ ಮಾಡಿದ ನೂರಾರು ಜನ ಬೇಕು. ನನಗೆ ಕುತೂಹಲ ಅವರ ಬಗ್ಗೆ.

ಒಳಗೆ ಕೂತು ಯೋಚಿಸಿ. ಕಂಪ್ಯೂಟರ್ ಬಂದ ಮೇಲೆ ಸಿಕ್ಕಿಬೀಳುವ ಕಳ್ಳರ ಸಂಖ್ಯೆ ಏರುತ್ತಿದೆ. ಇದಕ್ಕೆ ಎರಡು ಅರ್ಥ ಹೇಳಬಹುದು. ಕಂಪ್ಯೂಟರ್ ತಪ್ಪು ಲೆಕ್ಕ ಕೊಡುತ್ತಿರಬಹುದು. ಅಥವಾ ಮೊದಲು ಕಣ್ಣಿಗೆ ಬೀಳದಿದ್ದ ಕಳ್ಳತನ ಈಗ ಬೀಳುತ್ತಿರಬಹುದು. ನೀವು ಆ ಸಂಸ್ಥೆಯವರಾಗಿದ್ದರೆ ಎರಡನೆಯದು ಎಷ್ಟು ಸಲೀಸಾಗಿ ಒಪ್ಪಿಗೆಯಾಗುತ್ತದೆ ನೋಡಿ. ಕಂಪ್ಯೂಟರ್ ನಮ್ಮದು. ದೂರು ಕೊಡುವವರು ನಮ್ಮವರಲ್ಲ. ಈ ಅಂಚೆ ಕಚೇರಿ ನಡೆಸುವವರು ಸಂಸ್ಥೆಯ ನೌಕರರೂ ಆಗಿರಲಿಲ್ಲ, ಒಪ್ಪಂದದ ಮೇಲೆ ಕೆಲಸ ಮಾಡುವವರು. ಅವರ ಮಾತಿಗೆ ಮೊದಲೇ ತೂಕ ಕಮ್ಮಿ.

ಇದಕ್ಕೆ ಇನ್ನೊಂದು ವಿಚಿತ್ರ ಸೇರಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸರನ್ನು ಬಿಟ್ಟು ಬೇರೆಯವರೂ ಕ್ರಿಮಿನಲ್ ಮೊಕದ್ದಮೆ ಹೂಡಬಹುದು. ಹಾಗಾಗಿ ದುಡ್ಡು ಕಳೆದುಕೊಂಡೆ ಎನ್ನುವವರು, ತನಿಖೆ ಮಾಡುವವರು, ಕೋರ್ಟಿಗೆ ಎಳೆಯುವವರು ಮೂವರೂ ಅಂಚೆ ಸಂಸ್ಥೆಯವರೇ. ಸುಮಾರು 700 ಮೊಕದ್ದಮೆಗಳನ್ನು ಅದು ತಾನೇ ನಡೆಸಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅನ್ನುತ್ತೇವಲ್ಲ, ಇಲ್ಲಿ ಮೇಯ್ದ ಲೆಕ್ಕ ಬರೆಯುವುದೂ ಬೇಲಿಯ ಕೈಯಲ್ಲೇ ಇತ್ತು. ಮಧ್ಯೆ ಎಲ್ಲೂ ಒಬ್ಬ ಅಪರಿಚಿತ ಬಂದು "ಇದೇನಿದು, ಇಷ್ಟೊಂದು ಜನ ಒಟ್ಟಿಗೆ ಕಳ್ಳರಾದದ್ದು ಹೇಗೆ?" ಎಂದು ಕೇಳುವ ಜಾಗವೇ ಇರಲಿಲ್ಲ. 2012ರಲ್ಲಿ ಸಂಸದರ ಒತ್ತಡಕ್ಕೆ ಹೊರಗಿನ ಲೆಕ್ಕ ಪರಿಶೋಧಕರನ್ನು ಕರೆಸಿದರು. ಅವರು ತೊಡಕಿನ ಪ್ರಶ್ನೆಗಳನ್ನು ಕೇಳತೊಡಗಿದರು. 2015ರಲ್ಲಿ ಅವರನ್ನು ಕಳಿಸಿಬಿಟ್ಟರು. 555 ಜನ ಒಟ್ಟಾಗಿ ಹೂಡಿದ ದಾವೆಯಲ್ಲಿ 2019ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಸಂಸ್ಥೆಯ ವಾದವನ್ನು ನ್ಯಾಯಾಧೀಶರು ಈ ಕಾಲದಲ್ಲಿ ಭೂಮಿ ಚಪ್ಪಟೆ ಎಂದು ಹಟ ಹಿಡಿಯುವುದಕ್ಕೆ ಹೋಲಿಸಿದರು.

ನಮ್ಮಲ್ಲಿ ಇಂಥದ್ದಕ್ಕೆ ಬಾವಿಯ ಕಪ್ಪೆ ಎನ್ನುತ್ತೇವೆ. ಹೊರಗಿನ ಲೋಕ ನೋಡಿಲ್ಲದವನು ಎಂಬ ಅರ್ಥದಲ್ಲಿ. ಆದರೆ ಆ ಕಥೆಯನ್ನು ನಾವು ಅರ್ಧಕ್ಕೇ ಬಿಡುತ್ತೇವೆ. ಸಮುದ್ರದಿಂದ ಇನ್ನೊಂದು ಕಪ್ಪೆ ಬಂದಿತ್ತು. ಸಮುದ್ರ ನಿನ್ನ ಬಾವಿಗಿಂತ ದೊಡ್ಡದು ಎಂದು ಹೇಳಿಯೂ ಇತ್ತು. ಬಾವಿಯ ಕಪ್ಪೆ ಅದನ್ನು ಸುಳ್ಳುಗಾರ ಎಂದು ಓಡಿಸಿತು. ಅಂದರೆ ಸುದ್ದಿ ಬಾವಿಯೊಳಕ್ಕೆ ಬಂದಿತ್ತು. ಕಪ್ಪೆ ತೂಗಿದ್ದು ಸುದ್ದಿಯನ್ನಲ್ಲ, ಸುದ್ದಿ ತಂದವನನ್ನು.

ಕದ ಹಾಕಿಕೊಂಡ ಸಂಸ್ಥೆಗಳಲ್ಲೂ ಇದೇ ನಡೆಯುತ್ತದೆ. ದೂರುಗಳು ಬರುತ್ತವೆ, ಪತ್ರಗಳು ಬರುತ್ತವೆ, ಮೀಟಿಂಗ್‌ನಲ್ಲಿ ಯಾರೋ ಕೈ ಎತ್ತುತ್ತಾರೆ. ಏನು ಹೇಳಿದರು ಎನ್ನುವುದಕ್ಕಿಂತ ಮೊದಲು ಯಾರು ಹೇಳಿದರು ಎಂಬ ಜರಡಿ ಕೆಲಸ ಮಾಡುತ್ತದೆ. ಹೊರಗಿನವರಾ? ಹಾಗಾದರೆ ಅವರಿಗೆ ಗೊತ್ತಿಲ್ಲ. ಒಳಗಿನವರಾ? ಹಾಗಾದರೆ ಅವರಿಗೇನೋ ಅಸಮಾಧಾನ ಇರಬೇಕು. ಎರಡೂ ಕಡೆಯಿಂದ ಜರಡಿ ಗಟ್ಟಿ.

ಇದನ್ನು ದುರಹಂಕಾರ ಎಂದು ಕರೆದು ಮುಗಿಸಿಬಿಡುವುದು ಸುಲಭ. ನಾನೂ ಹಾಗೇ ಮಾಡುತ್ತಿದ್ದೆ. ಹಿಂದೊಮ್ಮೆ ಒಂದು ಸಮಿತಿಗೆ ಸೇರಿದ್ದೆ. ಮೊದಲ ಸಭೆಯಲ್ಲೇ, ಈ ಪಟ್ಟಿಯನ್ನು ಪ್ರತಿ ವರ್ಷ ಯಾಕೆ ಹೊಸದಾಗಿ ಕೈಯಲ್ಲಿ ಬರೆಯುತ್ತೀರಿ ಎಂದು ಕೇಳಿದೆ. ಹಿರಿಯರೊಬ್ಬರು ಪ್ರೀತಿಯಿಂದಲೇ ನಕ್ಕು, "ನೀವು ಹೊಸಬರು, ಹೋಗ್ತಾ ಹೋಗ್ತಾ ಗೊತ್ತಾಗುತ್ತೆ" ಅಂದರು. ಗೊತ್ತಾಗಲೇ ಇಲ್ಲ. ಆದರೆ ಎರಡು ವರ್ಷ ಕಳೆದ ಮೇಲೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಅದೇ ಪ್ರಶ್ನೆ ಕೇಳಿದಳು. "ಹೋಗ್ತಾ ಹೋಗ್ತಾ ಗೊತ್ತಾಗುತ್ತಮ್ಮ" ಅಂದವನು ನಾನೇ. ಬಾಯಿಂದ ಮಾತು ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ.

ನನಗೆ ಅಲ್ಲಿ ಯಾರೂ ಕೆಟ್ಟದ್ದನ್ನು ಕಲಿಸಿರಲಿಲ್ಲ. ಕಲಿತದ್ದೆಲ್ಲ ಒಳ್ಳೆಯದೇ. ಪರಸ್ಪರ ನಂಬಿಕೆ, ಅರ್ಧ ಮಾತಿನಲ್ಲೇ ಅರ್ಥವಾಗುವ ಸಲಿಗೆ, ಒಬ್ಬರನ್ನೊಬ್ಬರು ಬಿಟ್ಟುಕೊಡದ ಬುದ್ಧಿ. ಒಂದು ತಂಡ ಚೆನ್ನಾಗಿ ಕೆಲಸ ಮಾಡಲು ಬೇಕಾದದ್ದೂ ಇದೇ, ತಂಡದ ಕಿವಿ ಮಂದವಾಗಲು ಸಾಕಾಗುವುದೂ ಇದೇ. ಹಾಗಾಗಿ ಅಹಂಕಾರ ಬಿಡಿ ಎಂದು ಬೋಧನೆ ಮಾಡಿದರೆ ಯಾರಿಗೂ ತಟ್ಟುವುದಿಲ್ಲ. ಯಾರಿಗೂ ತಾವು ಅಹಂಕಾರಿ ಅನ್ನಿಸುವುದೇ ಇಲ್ಲವಲ್ಲ.

ಆಪ್ತರ ನಡುವೆಯೇ ಇದ್ದರೆ ಹೊಸ ಸುದ್ದಿ ಎಷ್ಟು ಕಮ್ಮಿ ಸಿಗುತ್ತದೆ ಎಂಬುದಕ್ಕೆ ಒಂದು ಹಳೆಯ ಲೆಕ್ಕವಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೋವೆಟರ್, ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಮಾತಾಡಿಸಿದರು. ನಿಮಗೆ ಸುದ್ದಿ ಕೊಟ್ಟವರನ್ನು ಎಷ್ಟು ಸಲ ಭೇಟಿ ಮಾಡುತ್ತಿದ್ದಿರಿ ಎಂದು ಕೇಳಿದರು. 1973ರಲ್ಲಿ ಪ್ರಕಟವಾದ ಉತ್ತರ ಹೀಗಿತ್ತು: ವಾರಕ್ಕೆ ಎರಡು ಸಲವಾದರೂ ಸಿಗುವವರಿಂದ ಸುದ್ದಿ ಬಂದದ್ದು ಶೇ 16.7 ಮಂದಿಗೆ ಮಾತ್ರ. ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು ಎನ್ನುವಂಥವರಿಂದ ಶೇ 27.8. ಉಳಿದ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಆಗೊಮ್ಮೆ ಈಗೊಮ್ಮೆ ಸಿಗುವವರಿಂದ. ಕಾರಣ ಸರಳ. ನಿಮ್ಮ ಆಪ್ತರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಎಲ್ಲರೂ ಒಂದೇ ಕೆರೆಯ ನೀರು ಕುಡಿಯುವವರು. ಆಪ್ತರಿಗೆ ಸಹಾಯ ಮಾಡುವ ಮನಸ್ಸು ಜಾಸ್ತಿ ಇರಬಹುದು, ಹೊಸ ಸುದ್ದಿ ಮಾತ್ರ ಇರುವುದಿಲ್ಲ.

ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ಅಲ್ಲಿ ಇನ್ನೊಂದು ಕಷ್ಟವೂ ಇದೆ. ಹೋಲಿಸಿ ನೋಡಲು ಅಳತೆಗೋಲು ಇರುವುದಿಲ್ಲ.

1988ರಲ್ಲಿ ಸ್ಟೀಫನ್ ಬೋಲ್ಸಿನ್ ಎಂಬ ಅರಿವಳಿಕೆ ವೈದ್ಯರು ಲಂಡನ್ನಿನಿಂದ ಬ್ರಿಸ್ಟಲ್‌ನ ದೊಡ್ಡಾಸ್ಪತ್ರೆಗೆ ಬಂದರು. ಪುಟ್ಟ ಮಕ್ಕಳ ಹೃದಯದ ಆಪರೇಷನ್‌ಗಳಲ್ಲಿ ಅವರದೂ ಕೆಲಸ. ಹಿಂದೆ ತಾವು ಕಂಡದ್ದಕ್ಕಿಂತ ಇಲ್ಲಿ ಆಪರೇಷನ್‌ಗಳು ತುಂಬಾ ಹೊತ್ತು ಹಿಡಿಯುತ್ತವೆ ಅನ್ನಿಸಿತು. ಉಳಿಯದ ಮಕ್ಕಳೂ ಜಾಸ್ತಿ ಅನ್ನಿಸಿತು. ಅಲ್ಲೇ ವರ್ಷಗಳಿಂದ ಇದ್ದವರಿಗೆ ಹಾಗೆ ಅನ್ನಿಸಲು ಕಾರಣವೇ ಇರಲಿಲ್ಲ. ಆಪರೇಷನ್ ಅಂದರೆ ಅಷ್ಟು ಹೊತ್ತು. ನಮ್ಮಲ್ಲಿಗೆ ಬರುವ ಮಕ್ಕಳ ಸ್ಥಿತಿಯೇ ಗಂಭೀರ, ಕೈ ಪಳಗಲು ಸ್ವಲ್ಪ ಕಾಲ ಬೇಕು ಎಂಬ ಸಮಾಧಾನಗಳಿದ್ದವು. ಬೋಲ್ಸಿನ್ ತಾವೇ ಲೆಕ್ಕ ಇಡಲು ಶುರು ಮಾಡಿದರು. ಮೇಲಿನವರಿಗೆ ಹೇಳಿದರು. ಕೇಳುವವರು ಸಿಗಲಿಲ್ಲ. ಕೊನೆಗೆ ಅವರು ಆಸ್ಟ್ರೇಲಿಯಾಕ್ಕೆ ಹೋದರು. ಊರಿಗೇ ಒಂದು ದಾರಿಯಾದರೆ ಈತನಿಗೇ ಒಂದು ದಾರಿ ಎಂದು ಒಳಗೆ ಯಾರಾದರೂ ಅಂದುಕೊಂಡಿದ್ದರೆ ನನಗೇನೂ ಆಶ್ಚರ್ಯವಿಲ್ಲ.

2001ರಲ್ಲಿ ತನಿಖೆಯ ವರದಿ ಬಂತು. 1991ರಿಂದ 1995ರವರೆಗೆ, ಒಂದು ವರ್ಷದೊಳಗಿನ ಮಕ್ಕಳಲ್ಲಿ, ಬೇರೆ ಸಾಮಾನ್ಯ ಕೇಂದ್ರಗಳಲ್ಲಿ ಆಗಬಹುದಾಗಿದ್ದಕ್ಕಿಂತ 30ರಿಂದ 35 ಹೆಚ್ಚು ಸಾವುಗಳಾಗಿದ್ದವು. ಅಲ್ಲಿದ್ದದ್ದು ಕ್ಲಬ್ ಸಂಸ್ಕೃತಿ ಎಂದು ವರದಿ ಹೇಳಿತು. ಇದು ಕೆಟ್ಟ ಜನರ ಕಥೆಯಲ್ಲ, ಮಕ್ಕಳ ಬಗ್ಗೆ ಕಾಳಜಿ ಇಲ್ಲದವರ ಕಥೆಯೂ ಅಲ್ಲ ಎಂದೂ ಹೇಳಿತು. ವರದಿಯಲ್ಲಿ ನನ್ನನ್ನು ಕಾಡುವುದು ಎರಡನೆಯ ಮಾತು. ಕೆಟ್ಟವರಾಗಿದ್ದರೆ ಅವರನ್ನು ತೆಗೆದು ಹಾಕಿದರೆ ಆಗುತ್ತಿತ್ತು.

ನಾಸಾ ಕಥೆಯನ್ನು ಬೇಗ ಹೇಳುತ್ತೇನೆ, ಬಹಳಷ್ಟು ಜನರಿಗೆ ಗೊತ್ತಿರುವುದೇ. 2003ರ ಜನವರಿ 16ರಂದು ಕೊಲಂಬಿಯಾ ನೌಕೆ ಹಾರಿದ ಸುಮಾರು 82 ಸೆಕೆಂಡಿಗೆ ಫೋಮ್ ತುಂಡೊಂದು ಎಡ ರೆಕ್ಕೆಗೆ ಬಡಿಯಿತು. ಹಾನಿ ಎಷ್ಟಾಗಿದೆ ನೋಡಲು ನೌಕೆಯ ಚಿತ್ರ ತೆಗೆಸಿ ಎಂದು ಎಂಜಿನಿಯರುಗಳು ಕೇಳಿಕೊಂಡರು. ಮೇಲಿನವರು ಯೋಚಿಸಿದ್ದು ಇದು ಯಾರ ಕೋರಿಕೆ, ಸರಿಯಾದ ದಾರಿಯಲ್ಲಿ ಬಂದಿದೆಯಾ ಎಂದು. ಚಿತ್ರ ತೆಗೆಸಲಿಲ್ಲ. ಫೆಬ್ರವರಿ 1ರಂದು ವಾಪಸ್ ಬರುವಾಗ ನೌಕೆ ಒಡೆದು ಏಳೂ ಜನ ಸತ್ತರು. ಅಪಘಾತಕ್ಕೆ ಫೋಮ್ ತುಂಡು ಎಷ್ಟು ಕಾರಣವೋ ಸಂಸ್ಥೆಯೊಳಗಿನ ರೂಢಿಯೂ ಅಷ್ಟೇ ಕಾರಣ ಎಂದು ತನಿಖಾ ಮಂಡಳಿ ಬರೆಯಿತು.

ಇಲ್ಲಿವರೆಗೆ ಹೇಳಿದ್ದೆಲ್ಲ ಅಧಿಕಾರ ಇರುವ ಸಂಸ್ಥೆಗಳ ಮಾತು. ಸಮುದಾಯಗಳ ವಿಷಯ ಹಾಗಲ್ಲ. ಇದನ್ನು ಬೇರೆಯಾಗಿಯೇ ನೋಡಬೇಕು. ಎಷ್ಟೋ ಸಮುದಾಯಗಳು ಕದ ಹಾಕಿಕೊಂಡಿರುವುದು ಹೊರಗಿನವರಿಂದ ಪೆಟ್ಟು ತಿಂದ ಮೇಲೆ. ಅವರಿಗೆ ಮನಸ್ಸು ತೆರೆಯಿರಿ ಎಂದು ಉಪದೇಶ ಮಾಡುವವರು ತಮ್ಮ ಕದ ಎಷ್ಟು ತೆರೆದಿದೆ ಎಂದು ನೋಡಿಕೊಳ್ಳುವುದು ಅಪರೂಪ.

2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹರಡಿದಾಗ ಇದು ಕಣ್ಣಿಗೆ ಕಟ್ಟುವಂತೆ ಕಂಡಿತು. ಎಬೋಲಾದಲ್ಲಿ ಸತ್ತವರ ದೇಹದಿಂದ ರೋಗ ಸುಲಭವಾಗಿ ಅಂಟುತ್ತದೆ. ಆದರೆ ಅಲ್ಲಿನ ಹಳ್ಳಿಗಳಲ್ಲಿ ಸತ್ತವರಿಗೆ ಸ್ನಾನ ಮಾಡಿಸಿ, ಮುಟ್ಟಿ, ಕಳಿಸಿಕೊಡುವುದು ಮನೆಯವರ ಕರ್ತವ್ಯ. ಮೈಯೆಲ್ಲ ಮುಚ್ಚುವ ಉಡುಪು ತೊಟ್ಟ ಅಪರಿಚಿತರು ಬಂದರು. ಹೆಣವನ್ನು ಚೀಲಕ್ಕೆ ತುಂಬಿದರು. ಒಯ್ದರು. ಎಲ್ಲಿ ಹೂಳಿದರು ಎಂದು ಕೂಡ ಎಷ್ಟೋ ಮನೆಯವರಿಗೆ ತಿಳಿಯಲಿಲ್ಲ. ಜನ ರೋಗಿಗಳನ್ನು ಬಚ್ಚಿಡತೊಡಗಿದರು. ರಾತ್ರಿ ಗುಟ್ಟಾಗಿ ಹೂಳಿದರು. ಆ ಸೆಪ್ಟೆಂಬರ್‌ನಲ್ಲಿ ಗಿನಿಯ ವೋಮೆ ಎಂಬ ಊರಿನಲ್ಲಿ, ತಿಳಿವಳಿಕೆ ನೀಡಲು ಹೋಗಿದ್ದ ತಂಡದ ಎಂಟು ಜನರನ್ನು ಕೊಂದೇಬಿಟ್ಟರು.

ಹಳ್ಳಿಯವರದು ಮೂಢತನ ಎಂದು ಹೊರಗಿನವರು ಅಂದುಕೊಂಡರು. ಹೆಣ ಕದಿಯಲು ಬಂದಿದ್ದಾರೆ ಎಂದು ಹಳ್ಳಿಯವರು ಅಂದುಕೊಂಡರು. ಇಲ್ಲಿ ಬಾವಿ ಒಂದಲ್ಲ, ಎರಡು. ವೈದ್ಯರ ಬಾವಿಯಲ್ಲಿ ವೈರಸ್ ಬಗ್ಗೆ ಎಲ್ಲ ಗೊತ್ತಿತ್ತು. ಅಮ್ಮನ ಮುಖವನ್ನು ಕೊನೆಯ ಸಲ ನೋಡದೆ ಕಳಿಸಿಕೊಡಲಾಗದ ಮಗಳ ಸಂಕಟ ಆ ಬಾವಿಗೆ ಹೊರಗಿನ ವಿಷಯ. ಮಾನವಶಾಸ್ತ್ರಜ್ಞರು, ಇಮಾಮರು, ಊರಿನ ಹಿರಿಯರು ನಡುವೆ ಬಂದ ಮೇಲೆ 2014ರ ಕೊನೆಯ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಬದಲಾಯಿತು. ಬರೀ ಸುರಕ್ಷಿತ ಅಂತ್ಯಸಂಸ್ಕಾರ ಎಂದಿದ್ದದ್ದು "ಸುರಕ್ಷಿತ ಮತ್ತು ಗೌರವದ ಅಂತ್ಯಸಂಸ್ಕಾರ" ಆಯಿತು. ಮನೆಯವರು ದೂರದಲ್ಲಿ ನಿಂತು ನೋಡಬಹುದು, ಪ್ರಾರ್ಥನೆ ಮಾಡಬಹುದು, ಬಿಳಿ ಬಟ್ಟೆ ಬೇಕಾದರೆ ಅದನ್ನೂ ಹೊದಿಸಬಹುದು. ಬದಲಾದದ್ದು ಒಂದೇ ಪದ. ಅದನ್ನು ಸೇರಿಸಲು ತಿಂಗಳುಗಳೇ ಹಿಡಿದವು.

ಹಾಗಾದರೆ ಎಲ್ಲ ಕದವನ್ನೂ ಸದಾ ತೆರೆದಿಡಬೇಕಾ? ನನಗೆ ಹಾಗನ್ನಿಸುವುದಿಲ್ಲ. ಯಾರು ಬೇಕಾದರೂ ಬಂದು ಹೋಗುವ ಜಾಗದಲ್ಲಿ ಯಾವ ಕಸುಬೂ ಆಳಕ್ಕೆ ಇಳಿಯುವುದಿಲ್ಲ, ಸಣ್ಣ ಭಾಷೆಗಳು ಉಳಿಯುವುದಿಲ್ಲ. ಕೆಲವು ದೇಶಗಳ ಕೋರ್ಟುಗಳಲ್ಲಿ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳಲು ಸಾಮಾನ್ಯ ಜನರನ್ನೇ ಆರಿಸಿ ಕೂರಿಸುವ ಜ್ಯೂರಿಯನ್ನೇ ನೋಡಿ. ಬೇಕೆಂದೇ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕುತ್ತಾರೆ. ಅದರಿಂದ ತೊಂದರೆ ಯಾಕಿಲ್ಲ ಅಂದರೆ, ಒಳಗೆ ಕೂತವರು ಒಬ್ಬರಿಗೊಬ್ಬರು ಅಪರಿಚಿತರು. ಮುಂದಿನ ಕೇಸಿಗೆ ಬೇರೆಯದೇ ಜನ. ಬಾಗಿಲು ಹಾಕಿರುವುದಕ್ಕಿಂತ ಒಳಗಿನವರು ಯಾವತ್ತೂ ಅವರೇ ಆಗಿರುವುದು ಹೆಚ್ಚು ಅಪಾಯ.

ಪರಿಹಾರಗಳ ವಿಷಯಕ್ಕೆ ಬಂದರೆ ಜಾಸ್ತಿ ಕಾಣುವುದು ತೋರಿಕೆಯದ್ದು. ಸಲಹಾ ಪೆಟ್ಟಿಗೆ ಇಡುತ್ತಾರೆ. ಹೊರಗಿನ ನಿರ್ದೇಶಕರು ಎಂದು ತಮ್ಮದೇ ಸ್ನೇಹಿತರನ್ನು ಕರೆತರುತ್ತಾರೆ. ಸಭೆಯಲ್ಲಿ ಒಬ್ಬರಿಗೆ "ಇವತ್ತು ನೀವು ವಿರೋಧ ಮಾಡಿ" ಎಂದು ಕೆಲಸ ಹಚ್ಚುತ್ತಾರೆ. ಈ ಕೊನೆಯದಕ್ಕೆ ದೊಡ್ಡ ಇತಿಹಾಸವೇ ಇದೆ. ಯಾರನ್ನಾದರೂ ಸಂತರೆಂದು ಘೋಷಿಸುವ ಮೊದಲು ಅವರ ವಿರುದ್ಧ ವಾದಿಸುವುದಕ್ಕೆಂದೇ ಕ್ಯಾಥೊಲಿಕ್ ಚರ್ಚು 1587ರಲ್ಲಿ ಒಂದು ಹುದ್ದೆ ಮಾಡಿತ್ತು. ಸೈತಾನನ ವಕೀಲ ಎಂದು ಜನ ಅದಕ್ಕೆ ಹೆಸರಿಟ್ಟರು. 1983ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಆ ಪಾತ್ರವನ್ನು ಬಹಳ ಮೆತ್ತಗೆ ಮಾಡಿದರು. ತಮ್ಮ ಅವಧಿಯಲ್ಲಿ ಅವರು 482 ಮಂದಿಯನ್ನು ಸಂತರೆಂದು ಘೋಷಿಸಿದರು. ಹುದ್ದೆ ಸಡಿಲವಾದದ್ದಷ್ಟೇ ಇದಕ್ಕೆ ಕಾರಣ ಎನ್ನಲಾಗದು, ಆದರೆ ಕಣ್ಣಿಗಂತೂ ಬೀಳುತ್ತದೆ. ನೇಮಿಸಿದ ವಿರೋಧಿಗಿಂತ ನಿಜವಾಗಿ ಒಪ್ಪದವನೇ ಉಳಿದವರನ್ನು ಹೆಚ್ಚು ಯೋಚನೆಗೆ ಹಚ್ಚುತ್ತಾನೆ ಎಂದು ಮನಶ್ಶಾಸ್ತ್ರಜ್ಞೆ ಶಾರ್ಲನ್ ನೆಮೆತ್ ಅವರ ಪ್ರಯೋಗಗಳು ತೋರಿಸಿವೆ. ಆತ ನಾಟಕ ಮಾಡುತ್ತಿದ್ದಾನೆ ಎಂದು ಗೊತ್ತಿದ್ದರೆ ಯಾರು ತಾನೇ ತಲೆ ಕೆಡಿಸಿಕೊಳ್ಳುತ್ತಾರೆ, ಅಲ್ವಾ?

ನಿಜವಾಗಿ ಕೆಲಸ ಮಾಡಿದ ಒಂದು ಉಪಾಯ ವಿಮಾನಯಾನದಲ್ಲಿದೆ. ಅದು ಹುಟ್ಟಿದ್ದು ಒಂದು ದುರಂತದಿಂದ.

1974ರ ಡಿಸೆಂಬರ್ 1ರಂದು ಟಿಡಬ್ಲ್ಯುಎ ಕಂಪನಿಯ ವಿಮಾನವೊಂದು ವಾಷಿಂಗ್ಟನ್ ಬಳಿಯ ಡಲ್ಲಸ್ ನಿಲ್ದಾಣಕ್ಕೆ ಇಳಿಯಲು ಬರುತ್ತಿತ್ತು. ಇಳಿಯುವ ಹಾದಿಗೆ ಬರಲು ಅನುಮತಿ ಇದೆ ಎಂದು ಕೆಳಗಿನಿಂದ ಹೇಳಿದರು. ಈಗಲೇ ಕೆಳಗೆ ಬರಬಹುದು ಎಂದು ಪೈಲಟ್ ಅರ್ಥ ಮಾಡಿಕೊಂಡರು. ಎತ್ತರ ನೋಡಿಕೊಳ್ಳುವುದು ಪೈಲಟ್ ಹೊಣೆ ಎಂದು ಕೆಳಗಿನವರು ಅಂದುಕೊಂಡಿದ್ದರು. ವಿಮಾನ ಬೆಟ್ಟಕ್ಕೆ ಬಡಿದು 92 ಜನರೂ ಸತ್ತರು. ತನಿಖೆಯಲ್ಲಿ ಹೊರಬಂದ ವಿಷಯ ಇನ್ನೂ ಹೊಟ್ಟೆ ಉರಿಸುವಂಥದ್ದು. ಸುಮಾರು ಆರು ವಾರ ಮೊದಲು ಯುನೈಟೆಡ್ ಕಂಪನಿಯ ವಿಮಾನವೊಂದು ಅದೇ ಹಾದಿಯಲ್ಲಿ, ಅದೇ ಗೊಂದಲದಿಂದ, ಕೂದಲೆಳೆಯಲ್ಲಿ ಪಾರಾಗಿತ್ತು. ಅದರ ಪೈಲಟ್‌ಗಳು ತಮ್ಮ ಕಂಪನಿಗೆ ಪ್ರಾಮಾಣಿಕವಾಗಿ ಹೇಳಿದ್ದರು. ಕಂಪನಿ ತನ್ನ ಪೈಲಟ್‌ಗಳಿಗೆಲ್ಲ ಎಚ್ಚರಿಕೆಯ ಸೂಚನೆ ಕಳಿಸಿತ್ತು. ತನ್ನ ಪೈಲಟ್‌ಗಳಿಗೆ ಮಾತ್ರ. ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಒಳಗೆ ಎಲ್ಲವೂ ಸರಿಯಾಗೇ ನಡೆದಿತ್ತು.

ಇದಾದ ಮೇಲೆ 1976ರಲ್ಲಿ ಅಮೆರಿಕ ಒಂದು ವ್ಯವಸ್ಥೆ ಶುರು ಮಾಡಿತು. ಪೈಲಟ್, ನಿಯಂತ್ರಕ, ಮೆಕ್ಯಾನಿಕ್, ಯಾರೇ ಆಗಲಿ, ತಮ್ಮ ತಪ್ಪನ್ನೋ ತಾವು ಕಂಡ ತಪ್ಪನ್ನೋ ಬರೆದು ಕಳಿಸಬಹುದು. ಬರೆದದ್ದು ದಂಡ ಹಾಕುವ ಇಲಾಖೆಯ ಕೈಗೆ ಹೋದರೆ ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೇ ಜವಾಬ್ದಾರಿಯನ್ನು ಲೈಸೆನ್ಸ್ ಕಿತ್ತುಕೊಳ್ಳುವ ಅಧಿಕಾರವಿಲ್ಲದ ನಾಸಾಗೆ ಕೊಟ್ಟರು. ಹೌದು, ಅದೇ ನಾಸಾ. ಬೇರೆಯವರಿಗಾಗಿ 1976ರಿಂದ ಇಂಥ ಕಿವಿ ಇಟ್ಟುಕೊಂಡಿದ್ದ ಸಂಸ್ಥೆಗೆ 2003ರಲ್ಲಿ ತನ್ನ ಎಂಜಿನಿಯರುಗಳ ಮಾತು ಕೇಳಿಸಲಿಲ್ಲ. ತನ್ನ ಬೆನ್ನು ತನಗೆ ಕಾಣುವುದಿಲ್ಲ ಅನ್ನುತ್ತಾರಲ್ಲ, ಹಾಗೆ.

ಲಕ್ಷಗಟ್ಟಲೆ ವರದಿಗಳು ಬಂದಿವೆ. ಅದರಲ್ಲಿ ಕಲಿಯಬೇಕಾದದ್ದನ್ನು ಆರಿಸಿ, ಎಲ್ಲ ಕಂಪನಿಯವರೂ ಓದುವ ಹಾಗೆ ತಿಂಗಳಿಗೊಂದು ಸಂಚಿಕೆ ತರುತ್ತಾರೆ. ನನಗೆ ಇಡೀ ವ್ಯವಸ್ಥೆಯಲ್ಲಿ ಇಷ್ಟವಾದದ್ದು ಆ ವರದಿಯ ಫಾರಂ. ಅದರಲ್ಲಿ ಹೆಸರು, ವಿಳಾಸ, ಫೋನ್ ನಂಬರ್ ಬರೆಯಲು ಬೇರೆಯದೇ ಒಂದು ಕಾಗದದ ಪಟ್ಟಿ ಇದೆ. ಏನಾದರೂ ಅರ್ಥವಾಗದಿದ್ದರೆ ಅಲ್ಲಿನವರು ಆ ನಂಬರಿಗೆ ಫೋನ್ ಮಾಡಿ ಕೇಳುತ್ತಾರೆ. ಆಮೇಲೆ ಆ ಪಟ್ಟಿಯನ್ನು ಹರಿದು, ತಾರೀಖಿನ ಮುದ್ರೆ ಒತ್ತಿ, ಬರೆದವರಿಗೇ ಅಂಚೆಯಲ್ಲಿ ವಾಪಸ್ ಕಳಿಸುತ್ತಾರೆ. ಏನಾಯಿತು ಎಂಬುದು ಮಾತ್ರ ಅವರ ಕೈಯಲ್ಲಿ ಉಳಿಯುತ್ತದೆ.